ಹಿಟ್ಟು ಇಳಿಯದ ಗಂಟಲು

ನೇಪಾಳಕ್ಕೆ ಹೋಗಿ ಬಂದವರೆಲ್ಲ ಹಿಮದ ಬೆಟ್ಟದ ಫೋಟೊ ತೋರಿಸುತ್ತಾರೆ. ನನ್ನ ಫೋನಿನಲ್ಲಿ ಇರುವುದು ಮಸಿ ಹಿಡಿದ ಒಂದು ಕಬ್ಬಿಣದ ಬಾಣಲೆಯ ಫೋಟೊ, ಅದೂ ಅಲುಗಿಹೋಗಿದೆ. ಊರಿನಲ್ಲಿ ಯಾರಾದರೂ "ಏನಕ್ಕ, ಎವರೆಸ್ಟು ನೋಡ್ದಾ?" ಅಂತ ಕೇಳಿದರೆ ನಾನು ಇದನ್ನೇ ಮುಂದೆ ಹಿಡಿಯುತ್ತೇನೆ. ಅವರು ಬಾಣಲೆ ನೋಡುತ್ತಾರೆ, ನನ್ನ ಮುಖ ನೋಡುತ್ತಾರೆ, ಮಾತು ಬದಲಿಸುತ್ತಾರೆ. ಒಬ್ಬೊಬ್ಬರಿಗೂ ಬಿಡಿಸಿ ಹೇಳುವುದಕ್ಕಿಂತ ಒಂದೇ ಸಲ ಬರೆದುಬಿಡೋಣ ಅಂತ ಕೂತಿದ್ದೇನೆ. ಹುಣಸೂರಿನಲ್ಲಿ ಪಿಯುಸಿ ತನಕ ಓದಿದ ಮೇಲೆ ನನಗೆ ಉಳಿದದ್ದು ಈ ಬರೆಯುವ ಚಟ ಒಂದೇ.

ಹನಗೋಡು

ನಮ್ಮ ಕಡೆ ರಾಗಿ ಮುದ್ದೆಗೆ ಹಿಟ್ಟು ಅಂತಲೇ ಹೇಳುವುದು. ಹಿಟ್ಟನ್ನು ಅಗಿಯುವುದಿಲ್ಲ, ನುಂಗುವುದು. ಚಿಕ್ಕ ತುತ್ತು ಮುರಿದು, ಬೆರಳಲ್ಲಿ ಉರುಳಿಸಿ, ಸಾರಿನಲ್ಲಿ ಅದ್ದಿ ಬಾಯಿಗೆ ಹಾಕಿದರೆ ಅದು ತನ್ನ ದಾರಿ ತಾನೇ ಹಿಡಿದು ಹೋಗುತ್ತದೆ. ಐವತ್ತೆರಡು ವರ್ಷ ನನಗೆ ಹಾಗೇ ಹೋಗುತ್ತಿತ್ತು. ಎರಡು ವರ್ಷದ ಹಿಂದೆ ಒಂದು ದಿನ ನಿಂತುಹೋಯಿತು. ಅನ್ನ ಇಳಿಯುತ್ತದೆ, ರೊಟ್ಟಿ ಇಳಿಯುತ್ತದೆ, ಹಿಟ್ಟಿನ ತುತ್ತು ಮಾತ್ರ ಗಂಟಲ ಹತ್ತಿರ ಬಂದು ಕೈಕಟ್ಟಿ ನಿಂತುಬಿಡುತ್ತದೆ. ಮೈಸೂರಿನ ಡಾಕ್ಟರು ಗಂಟಲೊಳಗೆ ಪೈಪು ಬಿಟ್ಟು ನೋಡಿ, "ಎಲ್ಲ ಚೆನ್ನಾಗಿದೆಯಲ್ಲಮ್ಮ" ಅಂದರು. ಚೆನ್ನಾಗಿದ್ದರೆ ನಾನು ಯಾಕೆ ಬರುತ್ತಿದ್ದೆ ಅಂತ ಕೇಳಬೇಕು ಅನ್ನಿಸಿತ್ತು.

ಅದು ಶುರುವಾದ ಕಾಲ ನನಗೆ ಚೆನ್ನಾಗಿ ನೆನಪಿದೆ. ನಮ್ಮದು ಹೊಗೆಸೊಪ್ಪು ಬೆಳೆಯುವ ಮನೆ. ನಮ್ಮ ಯಜಮಾನರು, ಅವರ ತಮ್ಮ ಇಬ್ಬರಿಗೂ ಸೇರಿ ಒಂದೇ ಬ್ಯಾರನ್. ಬ್ಯಾರನ್ ಅಂದರೆ ಹಸಿ ಸೊಪ್ಪನ್ನು ಸಾಲಾಗಿ ನೇತುಹಾಕಿ, ಕೆಳಗೆ ಬೆಂಕಿ ಹಾಕಿ, ಐದಾರು ದಿನ ಕಾದು ಹಳದಿ ಬಣ್ಣಕ್ಕೆ ತರುವ ಎತ್ತರದ ಗೋಡೆಯ ಕೋಣೆ. ಬೆಂಕಿ ಕಾಯುವುದು ನನ್ನದು ಮತ್ತು ಯಜಮಾನರ ತಮ್ಮನ ಹೆಂಡತಿ ಜಯಮ್ಮನದು, ಪಾಳಿಯ ಮೇಲೆ. ಜಯಮ್ಮ ನನಗಿಂತ ಐದು ವರ್ಷ ಚಿಕ್ಕವಳು. ಬಾಗಿಲ ಸಂದಿಗೆ ಮೂಗಿಟ್ಟು, ಒಳಗೆ ಸೊಪ್ಪು ಯಾವ ಹದದಲ್ಲಿದೆ ಅಂತ ಥರ್ಮಾಮೀಟರಿಗಿಂತ ಮೊದಲು ಹೇಳುತ್ತಿದ್ದಳು. ರಾವಂದೂರಿನ ತನಕ ಜನ ಅವಳನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೋಗಿ ತಮ್ಮ ಬ್ಯಾರನ್ ಮೂಸಿಸುತ್ತಿದ್ದರು. ಆಳುಗಳಿಗೆ ದೊಡ್ಡ ಹಂಡೆಯಲ್ಲಿ ಹಿಟ್ಟು ಮಾಡುವಾಗಲೂ ನಾವಿಬ್ಬರೇ. ಅವಳು ಕೋಲಿನಿಂದ ತಿರುವುವುದು, ಹಂಡೆ ತಿರುಗದ ಹಾಗೆ ನಾನು ತುದಿ ಕವಲೊಡೆದ ಕವೆಗೋಲು ಒತ್ತಿ ಹಿಡಿಯುವುದು. ಇಪ್ಪತ್ತು ವರ್ಷ ಹಾಗೆ ನಡೆದಿತ್ತು.

ಆ ವರ್ಷ ಜಯಮ್ಮನ ಪಾಳಿಯಲ್ಲಿ ಒಂದು ಇಡೀ ಬ್ಯಾರನ್ ಸೊಪ್ಪು ಕಪ್ಪಾಯಿತು. ಬೆಳಿಗ್ಗೆ ಹಾಲಿನ ಡೈರಿಯಲ್ಲಿ ಯಾರೋ ಏನಾಯಿತು ಅಂತ ಕೇಳಿದರು. "ಜಯಮ್ಮುನ್ ಪಾಳಿ ಕಣವ್ವ. ನಿದ್ದೆಗೆ ಕಣ್ಣು ಅತ್ತಿರ್ಬೇಕು" ಅಂದೆ. ಅಷ್ಟೇ ನಾನು ಆಡಿದ ಮಾತು. ಅವತ್ತಿನಿಂದ ಅವಳನ್ನು ಬ್ಯಾರನ್ ಮೂಸಲು ಯಾರೂ ಕರೆಯಲಿಲ್ಲ. ಅವಳು ನನ್ನ ಜೊತೆ ಮಾತು ಬಿಟ್ಟಳು. ನಮ್ಮಿಬ್ಬರ ಮನೆಗಳ ನಡುವೆ ಒಂದೇ ಗೋಡೆ. ಅವಳು ಹಿಟ್ಟು ತಟ್ಟುವ ಸದ್ದು ನನಗೆ ಕೇಳುತ್ತದೆ, ನನ್ನದು ಅವಳಿಗೆ.

ಸರೋಜ ಮೇಡಂ ಕೆ.ಆರ್. ನಗರದವರು. ನಮ್ಮೂರ ಹೈಸ್ಕೂಲಿನಲ್ಲಿ ಹಿಂದಿ ಪಾಠ ಮಾಡುವಾಗ ನಮ್ಮ ಮುಂದಿನ ರೂಮಿನಲ್ಲಿ ಬಾಡಿಗೆಗಿದ್ದರು. ರಿಟೈರ್ ಆದ ಮೇಲೆ ಬೈಲಕುಪ್ಪೆಯ ಟಿಬೆಟನ್ ಮಠಕ್ಕೆ ಹೋಗಿ ಬಂದು ಹೋಗಿ ಬಂದು ಧ್ಯಾನದ ರುಚಿ ಹತ್ತಿಸಿಕೊಂಡರು. "ಇದು ಗಂಟಲಿನ ಕಾಯಿಲೆ ಅಲ್ಲ ಕಣ್ರೀ ನಾಗಮಣಿ, ಮನಸ್ಸಿಂದು. ಕೂತ್ಕೊಳ್ಳೋದು ಕಲೀರಿ" ಅಂತ ನನ್ನನ್ನೂ ಜಗಲಿಯ ಮೇಲೆ ಕೂರಿಸಿದರು. ಒಂದು ವರ್ಷ ಬೆಳಿಗ್ಗೆ ಉಸಿರು ನೋಡಿದೆ. ಉಸಿರು ಮೂಗಿನಿಂದ ಗಂಟಲ ತನಕ ಸಲೀಸಾಗಿ ಬರುತ್ತಿತ್ತು, ಅಲ್ಲಿ ನನ್ನ ಗಮನ ಎಡವಿ ಬೀಳುತ್ತಿತ್ತು. ಕೊನೆಗೆ ಮೇಡಂ ನೇಪಾಳದಲ್ಲಿ ಒಬ್ಬ ಗುರುಮಾ ಇದ್ದಾರೆ, ಮನೆಗೆಲಸವನ್ನೇ ಧ್ಯಾನ ಮಾಡಿಸುತ್ತಾರೆ, ಏಳು ದಿನ ಹೋಗಿ ಬರೋಣ ಅಂದರು. ನಮ್ಮ ಯಜಮಾನರು "ಇಟ್ಟು ನುಂಗಕ್ಕೆ ಪ್ಲೇನ್ ಅತ್ಬೇಕಾ?" ಅಂದರು. ಆದರೂ ಹಸುಗಳನ್ನು ನೋಡಿಕೊಳ್ಳುತ್ತೇನೆ ಅಂತ ಒಪ್ಪಿದರು.

ಕಾಠ್ಮಂಡು

ಪಾಸ್‌ಪೋರ್ಟ್ ಇಲ್ಲದೆ ವೋಟರ್ ಕಾರ್ಡ್ ಹಿಡಿದು ಬೇರೆ ದೇಶಕ್ಕೆ ಹೋಗಬಹುದು ಅಂತ ನನಗೆ ಗೊತ್ತಿರಲಿಲ್ಲ. ಆ ಕಾರ್ಡಿನ ಫೋಟೊದಲ್ಲಿ ನಾನು ಯಾರನ್ನೋ ಹೊಡೆಯಲು ಹೊರಟವಳ ಹಾಗಿದ್ದೇನೆ. ಕಾಠ್ಮಂಡುವಿನ ಅಧಿಕಾರಿ ಫೋಟೊ ನೋಡಿ, ನನ್ನನ್ನು ನೋಡಿ, ಸ್ವಲ್ಪ ಹಿಂದೆ ಸರಿದು ಒಳಗೆ ಬಿಟ್ಟ.

ನೇಪಾಳದ ಗಡಿಯಾರ ನಮ್ಮದಕ್ಕಿಂತ ಕಾಲು ಗಂಟೆ ಮುಂದೆ. ಒಂದು ಗಂಟೆಯಲ್ಲ, ಅರ್ಧ ಗಂಟೆಯಲ್ಲ, ಕಾಲು ಗಂಟೆ! ಈ ಹದಿನೈದು ನಿಮಿಷದಲ್ಲಿ ಇವರು ನಮಗಿಂತ ಮುಂದೆ ಏನು ಮಾಡುತ್ತಾರೆ ಅಂತ ನನಗೆ ಬಹಳ ಕುತೂಹಲವಾಯಿತು. ಸರೋಜ ಮೇಡಂ ತಮ್ಮ ಕೈಗಡಿಯಾರ ತಿದ್ದಿಕೊಂಡರು. ನಾನು ತಿದ್ದಿಕೊಳ್ಳಲಿಲ್ಲ. ಈಗ ಡೈರಿ ತೆಗೆದಿರುತ್ತದೆ, ಈಗ ಜಯಮ್ಮ ಒಲೆ ಹಚ್ಚಿರುತ್ತಾಳೆ ಅಂತ ನೋಡಿಕೊಳ್ಳಲು ಹನಗೋಡಿನ ಟೈಮೇ ಇರಲಿ ಅನ್ನಿಸಿತು. ಮಾತು ಬಿಟ್ಟವಳ ದಿನಚರಿ ನನಗೆ ಇಷ್ಟು ಬಾಯಿಪಾಠ ಆಗಿದೆ ಅಂತ ಗೊತ್ತಾಗಿದ್ದು ಅಲ್ಲೇ.

ಬಸ್ಸು ಮಾತ್ರ ನಮ್ಮ ಹುಣಸೂರು ಕಡೆಯ ಬಸ್ಸಿನ ಹಾಗೇ. ಬಾಗಿಲಲ್ಲಿ ನೇತಾಡುವ ಕಂಡಕ್ಟರ್ ಬಸ್ಸಿನ ಪಕ್ಕಕ್ಕೆ ಕೈಯಲ್ಲಿ ಬಡಿಯುತ್ತಾನೆ. ಒಂದು ಬಡಿತಕ್ಕೆ ನಿಲ್ಲು, ಎರಡಕ್ಕೆ ಹೋಗು. ನನ್ನ ತೊಡೆಯ ಮೇಲೆ ಯಾರೋ ಒಂದು ಕೋಳಿ ಇಟ್ಟು, ಮುಂದೆ ನಾಲ್ಕು ಸ್ಟಾಪ್ ಆದ ಮೇಲೆ ತೆಗೆದುಕೊಂಡು ಇಳಿದರು. ಕೇಳಲೂ ಇಲ್ಲ, ಥ್ಯಾಂಕ್ಸೂ ಹೇಳಲಿಲ್ಲ. ನಮ್ಮವರೇ ಅನ್ನಿಸಿ ಖುಷಿಯಾಯಿತು.

ಗುಡ್ಡದ ಮೇಲೆ, ಮೊದಲೆರಡು ದಿನ

ಗುರುಮಾ ಅವರ ಬೌದ್ಧ ವಿಹಾರ ಇದ್ದದ್ದು ಧುಲಿಖೇಲ್ ದಾಟಿ ಒಂದು ಗುಡ್ಡದ ಮೇಲೆ. ತಗಡಿನ ಮಾಡು, ಎಲ್ಲರೂ ಕೂರುವ ಒಂದು ಹಾಲ್, ಸಾಲಾಗಿ ಆರು ಕೋಣೆ. ಸನ್ಯಾಸಿನಿಯರನ್ನು ಅಲ್ಲಿ ಗುರುಮಾ ಅನ್ನುತ್ತಾರೆ. ತಲೆ ಬೋಳಿಸಿ ತಿಳಿ ಗುಲಾಬಿ ಬಣ್ಣದ ಬಟ್ಟೆ ಉಡುತ್ತಾರೆ. ದೊಡ್ಡ ಗುರುಮಾಗೆ ಎಪ್ಪತ್ತರ ಹತ್ತಿರ, ಮುಂದಿನ ಎರಡು ಹಲ್ಲಿಲ್ಲ, ನಕ್ಕರೆ ಇಡೀ ಮೈ ನಗುತ್ತದೆ. ಹಿಂದಿ ಚೆನ್ನಾಗಿ ಬರುತ್ತದೆ. ನನ್ನ ಹಿಂದಿ ಹುಣಸೂರು ಬಸ್ ಸ್ಟ್ಯಾಂಡಿನ ಬಟ್ಟೆ ಅಂಗಡಿಯಲ್ಲಿ ಕಲಿತದ್ದು. ಸಿಕ್ಕಿಹಾಕಿಕೊಂಡಾಗ ಸರೋಜ ಮೇಡಂ ಕೈಹಿಡಿಯುತ್ತಿದ್ದರು.

ಅಲ್ಲಿ ಕಣ್ಣು ಮುಚ್ಚಿ ಕೂರುವುದು ಬೆಳಿಗ್ಗೆ ಒಂದು ಹೊತ್ತು, ಸಂಜೆ ಒಂದು ಹೊತ್ತು. ನಡುವೆ ಎಲ್ಲ ಕೆಲಸ. ಅಂಗಳ ಗುಡಿಸುವುದು, ಸೊಪ್ಪು ಬಿಡಿಸುವುದು, ಪಾತ್ರೆ ತೊಳೆಯುವುದು. ಮಾಡುವಾಗ ಕೈಗೆ ಏನು ತಾಕುತ್ತಿದೆ, ಮನಸ್ಸು ಎಲ್ಲಿ ಹೋಯಿತು ಅಂತ ನೋಡುತ್ತಿರಬೇಕು. ಮನಸ್ಸು ಓಡಿದರೆ ಬೈಯಬಾರದು, ಕೈಯ ಹತ್ತಿರ ಕರೆದುಕೊಂಡು ಬರಬೇಕು. ದಿಲ್ಲಿಯಿಂದ ಬಂದಿದ್ದ ಒಬ್ಬರು ಪೊರಕೆ ಹಿಡಿದು ಒಂದು ಗೀರು ಗುಡಿಸಿ ಆಕಾಶ ನೋಡುತ್ತಿದ್ದರು. ಅವರ ಅಂಗಳ ಮುಗಿಯುವ ಹೊತ್ತಿಗೆ ನಾನು ನನ್ನ ಪಾಲು ಮುಗಿಸಿ, ಅವರದನ್ನೂ ಗುಡಿಸಿ, ದನದ ಕೊಟ್ಟಿಗೆ ಎಲ್ಲಿದೆ ಅಂತ ಹುಡುಕುತ್ತಿದ್ದೆ. ಗುರುಮಾ ಬಂದು, "ಯಾರಾದರೂ ಅಟ್ಟಿಸಿಕೊಂಡು ಬರ್ತಿದ್ದಾರಾ?" ಅಂತ ಕೇಳಿದರು.

ಸರೋಜ ಮೇಡಂ ಕತೆಯೇ ಬೇರೆ. ಅವರಿಗೆ ಸಮಾಧಿಯನ್ನು ಈ ಏಳು ದಿನದಲ್ಲೇ ಮುಗಿಸಿಬಿಡಬೇಕಿತ್ತು, ಸಿಲಬಸ್ ಮುಗಿಸುವ ಹಾಗೆ. ಬೆನ್ನು ನೆಟ್ಟಗೆ ಮಾಡಿ ಎಲ್ಲರಿಗಿಂತ ಹೆಚ್ಚು ಹೊತ್ತು ಕೂರುತ್ತಿದ್ದರು. ಎರಡನೆಯ ದಿನ ಗೊರಕೆ ಕೇಳಿಸಿತು. ಬೆನ್ನು ಆಗಲೂ ನೆಟ್ಟಗೇ ಇತ್ತು.

ಊಟದ ಹೊತ್ತಿಗೆ ನನ್ನ ಮರ್ಯಾದೆ ಹೋಯಿತು. ಅನ್ನ, ಬೇಳೆ, ಸಾಸಿವೆ ಸೊಪ್ಪಿನ ಪಲ್ಯ. ಒಂದು ತುತ್ತನ್ನು ನಲವತ್ತು ಸಲ ಅಗಿದು, ರುಚಿ ಹೇಗೆ ಬದಲಾಗುತ್ತದೆ ನೋಡಿ ಅಂತ ಹೇಳಿದ್ದರು. ಎಲ್ಲರೂ ಕಣ್ಣು ಅರೆಮುಚ್ಚಿ ಅಗಿಯುತ್ತಿದ್ದರೆ ನಾನು ಅನ್ನವನ್ನು ಉಂಡೆ ಕಟ್ಟಿ ನುಂಗಿ ತಟ್ಟೆ ಖಾಲಿ ಮಾಡಿ ಕೂತಿದ್ದೆ. ಅಗಿಯಬೇಕು ಅಂತ ನೆನಪಾದಾಗ ಅಗಿಯಲು ಏನೂ ಉಳಿದಿರಲಿಲ್ಲ.

ಇನ್ನೊಂದು ಎಡವಟ್ಟು ಇದಕ್ಕಿಂತ ದೊಡ್ಡದು. ಎದುರಿಗೆ ಮನುಷ್ಯರು ಸಿಕ್ಕಿದರೆ ಊಟ ಆಯಿತಾ ಅಂತ ಕೇಳದೆ ನಮ್ಮ ಕಡೆಯವರಿಗೆ ಕಾಲು ಮುಂದೆ ಹೋಗುವುದಿಲ್ಲ. ಅಲ್ಲಿ ಮೌನವಾಗಿರಬೇಕು ಅನ್ನುವ ನಿಯಮ ಇದ್ದರೂ ನನ್ನ ಬಾಯಿ ಕೇಳಬೇಕಲ್ಲ. ಸಂಜೆ ನೀರು ತುಂಬಲು ಹೋಗುವ ಒಬ್ಬೊಬ್ಬ ಗುರುಮಾಗೂ "ಖಾನಾ ಹುವಾ?" ಅಂತ ಪಿಸುಗುಟ್ಟುತ್ತಿದ್ದೆ. ಅವರು ಒಂದು ಥರ ನಕ್ಕು ಹೋಗುತ್ತಿದ್ದರು. ಎರಡನೆಯ ಸಂಜೆ ದೊಡ್ಡ ಗುರುಮಾ ಕರೆದರು.

"ನಾವು ಮಧ್ಯಾಹ್ನ ಹನ್ನೆರಡರ ಮೇಲೆ ಊಟ ಮಾಡುವುದಿಲ್ಲ, ಗೊತ್ತಾ?" ಅಂದರು.

ನನಗೆ ಗೊತ್ತಿರಲಿಲ್ಲ.

"ನನಗೆ ನಲವತ್ತು ವರ್ಷ ಅಭ್ಯಾಸ ಆಗಿದೆ. ಆದರೆ ಚಿಕ್ಕವರು ಇದ್ದಾರಲ್ಲ, ಹಸಿವನ್ನು ಹೇಗೋ ಮರೆತು ಕೂತಿರುತ್ತಾರೆ. ನೀನು ದಿನಾ ಹೋಗಿ ನೆನಪು ಮಾಡ್ತೀಯ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಗುರುಮಾ ಮಾತ್ರ ಮೈಯೆಲ್ಲ ಅಲುಗಿಸಿ ನಗುತ್ತಿದ್ದರು. "ಕೇಳುವುದನ್ನು ಬಿಡಬೇಡ. ಬಾಯಿಗೆ ಬರುವ ಮೊದಲು ಎಲ್ಲಿ ಹುಟ್ಟುತ್ತೆ ನೋಡು, ಸಾಕು" ಅಂದರು. ಆಮೇಲೆ ನೋಡಿದೆ. ಆ ಮಾತು ಹುಟ್ಟುವುದು ಗಂಟಲಿನಲ್ಲೇ.

ಮೂರನೆಯ ದಿನ

ಅಕ್ಕಿ ಆರಿಸುವ ಕೆಲಸ ಕೊಟ್ಟರು. ಮೊರ ಕೈಗೆ ಬಂದ ಮೇಲೆ ನನಗೆ ಧೈರ್ಯ ಬಂತು. ಗುರುಮಾ ಪಕ್ಕದಲ್ಲೇ ಕೂತು, ಮನೆಯಲ್ಲಿ ನೀನು ಬಹಳ ಗಮನ ಕೊಟ್ಟು ಮಾಡುವ ಕೆಲಸ ಯಾವುದು ಅಂತ ಕೇಳಿದರು. ಬ್ಯಾರನ್ ಕಾಯುವುದು ಅಂದೆ. ಮೊರ ಕೆಳಗಿಟ್ಟು, ಕೈಯಲ್ಲೇ ಗೋಡೆ ಎಬ್ಬಿಸಿ, ಕೋಲು ಕಟ್ಟಿ, ಬೆಂಕಿ ಹಾಕಿ ತೋರಿಸಿದೆ.

"ಆ ಸೊಪ್ಪನ್ನು ಏನು ಮಾಡುತ್ತಾರೆ?"

"ಸೇದುತ್ತಾರೆ. ನಾವು ಸೇದಲ್ಲ."

ಗುರುಮಾಗೆ ಮತ್ತೆ ನಗು. "ನಮ್ಮೂರಲ್ಲಿ ಸಾರಾಯಿ ಕಾಯಿಸುವವಳೂ ಇದನ್ನೇ ಹೇಳುತ್ತಾಳೆ. ಇರಲಿ, ಅದು ಇನ್ನೊಂದು ದಿನದ ಮಾತು. ಒಳಗೆ ಹದ ಆಗಿದೆ ಅಂತ ಹೊರಗಿನಿಂದ ಹೇಗೆ ಗೊತ್ತಾಗುತ್ತೆ?"

"ಥರ್ಮಾಮೀಟರ್ ಇದೆ. ಆದರೆ ನಮ್ಮ ಜಯಮ್ಮ ಬಾಗಿಲ ಸಂದಿಯಲ್ಲಿ ಮೂಗಿಟ್ಟೇ ಹೇಳುತ್ತಾಳೆ."

ಎರಡು ವರ್ಷದಲ್ಲಿ ಆ ಹೆಸರು ನನ್ನ ಬಾಯಲ್ಲಿ ಬಂದದ್ದು ಅದೇ ಮೊದಲು. ನಮ್ಮ ಜಯಮ್ಮ ಅಂತ ಬೇರೆ ಅಂದಿದ್ದೆ. ನನ್ನ ಕೈ ತಾನಾಗಿ ಗಂಟಲಿಗೆ ಹೋಗಿತ್ತು. ಗುರುಮಾ ಅದನ್ನು ನೋಡಿದರು. ಜಯಮ್ಮ ಯಾರು ಅಂತ ಕೇಳಲಿಲ್ಲ.

"ಆಗಾಗ ಬಾಗಿಲು ತೆಗೆದು ನೋಡಿದರೆ?"

"ಸೊಪ್ಪು ಕೆಡುತ್ತೆ."

"ನೋಡದೆ ಬಿಟ್ಟು ಹೋದರೆ?"

"ಇನ್ನೂ ಕೆಡುತ್ತೆ."

"ಹಾಗಾದರೆ ಗಂಟಲ ಹತ್ತಿರ ಹಾಗೇ ಕೂತ್ಕೊ. ಬಾಗಿಲು ತೆಗೆಯಬೇಡ, ಬಿಟ್ಟೂ ಹೋಗಬೇಡ. ಏನು ವಾಸನೆ ಬರುತ್ತೆ ಅಂತ ನೋಡು."

ಒಂದು ವರ್ಷ ಜಗಲಿಯ ಮೇಲೆ ಕೂತು ನಾನು ಮಾಡಿದ್ದು ಬಾಗಿಲು ತೆಗೆಯುವುದೇ. ಹೋಯಿತಾ, ಇನ್ನೂ ಇದೆಯಾ, ಹೋಯಿತಾ. ಆ ಸಂಜೆ ಹಾಗೆ ಮಾಡಲಿಲ್ಲ. ಬ್ಯಾರನ್ ಮುಂದೆ ಗೋಣಿಚೀಲ ಹಾಸಿಕೊಂಡು ಕೂರುವ ಹಾಗೆ ಕೂತೆ. ಮಂಡಿ ನೋಯಿತು, ನೋಯಲಿ ಅಂದೆ. ಹೊರಗೆ ಯಾರೋ ಮೇಕೆಯನ್ನು ಬೈಯುತ್ತಿದ್ದರು, ಬೈಯಲಿ ಅಂದೆ. ಎಷ್ಟು ಹೊತ್ತಾದ ಮೇಲೋ ನಿಜವಾಗಿಯೇ ವಾಸನೆ ಬಂತು. ಬೆಂದು ಹಳಸಿದ ಹಸಿ ಸೊಪ್ಪಿನ ಹುಳಿ ವಾಸನೆ. ಆ ಬೆಳಿಗ್ಗೆ ಬ್ಯಾರನ್ ಬಾಗಿಲು ತೆಗೆದಾಗ ಬಂದಿತ್ತಲ್ಲ, ಅದೇ.

ನಾನು ನಿಮಗೂ ಅರ್ಧವನ್ನೇ ಹೇಳಿದ್ದೇನೆ. ಇನ್ನರ್ಧ ಹೀಗಿದೆ. ಬ್ಯಾರನ್ನಿನ ಮಾಡಿನಲ್ಲಿ ಒಂದು ಕಿಂಡಿ ಇರುತ್ತದೆ. ಸೊಪ್ಪಿನ ನೀರು ಆವಿಯಾಗಿ ಹೊರಗೆ ಹೋಗಲು ಅದು ತೆರೆದಿರಬೇಕು. ಹಗ್ಗ ಎಳೆದರೆ ಮುಚ್ಚುತ್ತದೆ. ಆ ದಿನ ಸಂಜೆ ತುಂತುರು ಬಂತು. ಒಳಗೆ ನೀರು ಬಿದ್ದೀತು ಅಂತ ನಾನು ಹಗ್ಗ ಎಳೆದು ಗೂಟಕ್ಕೆ ಕಟ್ಟಿದೆ. ಜಯಮ್ಮ ಪಾಳಿಗೆ ಬಂದಾಗ ಹೇಳಬೇಕು ಅಂದುಕೊಂಡೆ. ಡೈರಿಗೆ ಹೊತ್ತಾಗಿತ್ತು, ಹಾಲಿನ ಕ್ಯಾನು ಹಿಡಿದು ಓಡಿದೆ. ಹಗ್ಗ ಇರುವುದು ನಮ್ಮ ಮನೆಯ ಕಡೆಗೆ, ಒಲೆ ಇರುವುದು ಆಚೆ ಕಡೆಗೆ. ಕಿಂಡಿ ತೆರೆದಿದೆ ಅಂತ ನಂಬಿ ಅವಳು ಹದಕ್ಕೆ ಸರಿಯಾಗಿ ಶಾಖ ಏರಿಸುತ್ತಾ ಹೋದಳು. ಮಳೆಯ ಮಣ್ಣುವಾಸನೆಯಲ್ಲಿ ಅವಳ ಮೂಗಿಗೂ ತಿಳಿಯದೆ ಸೊಪ್ಪು ತನ್ನ ನೀರಿನಲ್ಲಿ ತಾನೇ ಬೆಂದುಹೋಯಿತು. ಬೆಳಿಗ್ಗೆ ಕಪ್ಪು ಸೊಪ್ಪು ನೋಡಿದ ತಕ್ಷಣ ನನಗೆ ಗೊತ್ತಾಯಿತು. ಎಲ್ಲರೂ ಒಳಗೆ ನೋಡುತ್ತಿರುವಾಗ ನಾನು ಹಿಂದಕ್ಕೆ ಹೋಗಿ ಹಗ್ಗ ಬಿಚ್ಚಿದೆ. ಆಮೇಲೆ ಡೈರಿಗೆ ಹೋಗಿ ಆ ಮಾತು ಆಡಿದೆ.

ಅವತ್ತು ಮಧ್ಯಾಹ್ನವೇ ಹಿಟ್ಟು ಗಂಟಲಲ್ಲಿ ನಿಂತದ್ದು. ಇಷ್ಟು ಸುಲಭದ ಲೆಕ್ಕ ನನಗೆ ಎರಡು ವರ್ಷ ಹೊಳೆಯಲಿಲ್ಲ ಅಂದರೆ ನೀವು ನಂಬಲಿಕ್ಕಿಲ್ಲ. ನಾನೂ ನಂಬುವುದಿಲ್ಲ. ಹೊಳೆದಿತ್ತು, ಹೊಳೆದಾಗಲೆಲ್ಲ ಬೇರೆ ಕೆಲಸ ಹಿಡಿಯುತ್ತಿದ್ದೆ. ಗುಡ್ಡದ ಮೇಲೆ ಹಿಡಿಯಲು ಬೇರೆ ಕೆಲಸ ಇರಲಿಲ್ಲ. ತುಂಬಾ ಅತ್ತೆ. ಸರೋಜ ಮೇಡಂ ಒಂದು ಕಣ್ಣು ತೆರೆದು ನೋಡಿ, ನನಗೆ ಸಮಾಧಿ ಹತ್ತಿತು ಅಂದುಕೊಂಡು ಹೊಟ್ಟೆಕಿಚ್ಚಿನಿಂದ ಮತ್ತೆ ಮುಚ್ಚಿಕೊಂಡರು. ಇದನ್ನು ಅವರೇ ಆಮೇಲೆ ಹೇಳಿದ್ದು.

ಐದನೆಯ ದಿನ, ಮಾಯಾ ದೀದಿಯ ಒಲೆ

ವಿಹಾರಕ್ಕೆ ಹಾಲು ತರುವ ಮಾಯಾ ದೀದಿ ಅಲ್ಲಿನ ತಮಾಂಗ್ ಜನಾಂಗದವರು. ಮೂಗಿಗೆ ರೂಪಾಯಿ ಬಿಲ್ಲೆಯಷ್ಟು ಅಗಲದ ಚಿನ್ನದ ಹೂವು. ಗುರುಮಾ ನನ್ನನ್ನು ಅವರ ಜೊತೆ ಕಳಿಸಿದರು. "ಅವರ ಮನೆಯಲ್ಲಿ ಇವತ್ತು ಕೆಲಸದವರಿದ್ದಾರೆ. ಹೋಗಿ ಕೈ ಹಚ್ಚು. ಕೈ ಏನು ಮಾಡುತ್ತೆ ನೋಡಿಕೊಂಡು ಬಾ" ಅಂದರು.

ಮಾಯಾ ದೀದಿಯ ಅಂಗಳಕ್ಕೆ ಕಾಲಿಟ್ಟವಳು ಹಾಗೇ ನಿಂತೆ. ಚಾಪೆಯ ಮೇಲೆ ತೆನೆ ಹರಡಿತ್ತು. ರಾಗಿ! ನಾಲ್ಕು ಬೆರಳು ಮಡಚಿದ ಅದೇ ತೆನೆ, ಉಜ್ಜಿದರೆ ಅದೇ ಕೆಂಪು ಕಾಳು. ಅವರು ಅದನ್ನು ಕೋದೋ ಅನ್ನುತ್ತಾರೆ. ನಮ್ಮಲ್ಲಿ ಟಾರು ರೋಡಿಗೆ ಹಾಕಿ ಬಸ್ಸು ಲಾರಿ ಹತ್ತಿಸಿ ತುಳಿಸುತ್ತೇವೆ. ಅವರ ಅಂಗಳಕ್ಕೆ ರೋಡೇ ಇಲ್ಲ, ಕೋಲಿನಲ್ಲಿ ಬಡಿಯುತ್ತಿದ್ದರು. ನಾನು ಒಂದು ತೆನೆ ಎತ್ತಿ ಕೆನ್ನೆಗೆ ಒತ್ತಿಕೊಂಡೆ. ಕೆಲಸದವರೆಲ್ಲ ಕೋಲು ನಿಲ್ಲಿಸಿ ನೋಡಿದರು.

ಒಳಗೆ ಒಲೆಯ ಮೇಲೆ ದೊಡ್ಡ ಕಬ್ಬಿಣದ ಬಾಣಲೆಯಲ್ಲಿ ನೀರು ಕುದಿಯುತ್ತಿತ್ತು. ಮಾಯಾ ದೀದಿ ರಾಗಿಹಿಟ್ಟು ಸುರಿದು ಮರದ ಸೌಟಿನಿಂದ ತಿರುವಲು ಶುರುಮಾಡಿದರು. ಅದಕ್ಕೆ ಅವರು ಢಿಂಡೋ ಅನ್ನುತ್ತಾರೆ. ಹೆಸರು ಏನಾದರೂ ಇರಲಿ, ಅದು ಹಿಟ್ಟೇ. ಬಿಗಿಯಾಗುತ್ತಾ ಬಂದಾಗ ಬಾಣಲೆ ಸೌಟಿನ ಜೊತೆಗೇ ತಿರುಗತೊಡಗಿತು. ಅವರು ಒಂದು ಕೈಯಲ್ಲಿ ಬಟ್ಟೆ ಹಿಡಿದು ಬಾಣಲೆ ಒತ್ತುವುದು, ಇನ್ನೊಂದು ಕೈಯಲ್ಲಿ ತಿರುವುವುದು. ನನ್ನ ಕೈ ನನ್ನನ್ನು ಕೇಳಲಿಲ್ಲ. ಸೌದೆಯ ರಾಶಿಯಲ್ಲಿ ಕವಲೊಡೆದ ಕೊಂಬೆ ಒಂದಿತ್ತು. ಎಳೆದು, ಬಾಣಲೆಯ ಅಂಚಿಗೆ ಕೊಟ್ಟು, ಕಾಲು ಊರಿ ಒತ್ತಿ ನಿಂತೆ. ಬಾಣಲೆ ಅಲುಗಲಿಲ್ಲ. ಮಾಯಾ ದೀದಿ ನನ್ನನ್ನೊಮ್ಮೆ ಕೊಂಬೆಯನ್ನೊಮ್ಮೆ ನೋಡಿದರು. ಆಮೇಲೆ ಎರಡೂ ಕೈಯಲ್ಲಿ ಸೌಟು ಹಿಡಿದು ಎಂಥ ಜೋರಿನಿಂದ ತಿರುವಿದರು ಅಂದರೆ, ಹಿಟ್ಟು ಪುಸ್ ಪುಸ್ ಅಂತ ಉಸಿರು ಬಿಡುತ್ತಿತ್ತು. ಅವರ ಮೊಣಕೈ ಬೀಸುವ ರೀತಿ ಥೇಟ್ ಜಯಮ್ಮನದೇ. ಆ ಬಾಣಲೆಯ ಫೋಟೊವೇ ನನ್ನ ಫೋನಿನಲ್ಲಿ ಇರುವುದು. ಹಿಂದಿರುಗುವ ದಿನ ಮತ್ತೆ ಹೋಗಿ ಫೋಟೊ ತೆಗೆದುಕೊಂಡೆ.

ಉಣ್ಣಲು ಕೂತೆವು. ಒಣಗಿಸಿದ ಸೊಪ್ಪಿನ ಹುಳಿ ಸಾರು, ಪಕ್ಕದಲ್ಲಿ ಹೊಗೆಯಾಡುವ ಢಿಂಡೋ. ಐದು ದಿನ ಅಗಿಯಿರಿ ಅಗಿಯಿರಿ ಅಂತ ಕೇಳಿ ಕೇಳಿ ನಾನು ಒಳ್ಳೆಯ ವಿದ್ಯಾರ್ಥಿ ಆಗಿಬಿಟ್ಟಿದ್ದೆ. ತುತ್ತು ಬಾಯಿಗಿಟ್ಟು ಅಗಿದೆ. ಹಲ್ಲಿಗೆಲ್ಲ ಮೆತ್ತಿಕೊಂಡಿತು. ಇಡೀ ಅಡುಗೆಮನೆ ನಕ್ಕಿತು. ಮಾಯಾ ದೀದಿ ತಮ್ಮ ಗಂಟಲು ತೋರಿಸಿ, ನುಂಗು, ಇದನ್ನು ಯಾರಾದರೂ ಅಗಿಯುತ್ತಾರಾ ಅಂತ ಕೈಸನ್ನೆ ಮಾಡಿದರು. ಹುಣಸೂರು ತಾಲ್ಲೂಕಿನವಳಿಗೆ ಹಿಟ್ಟು ನುಂಗುವುದನ್ನು ನೇಪಾಳದವರು ಹೇಳಿಕೊಡಬೇಕಾಯಿತು. ನಮ್ಮೂರಿನಲ್ಲಿ ಇದು ಗೊತ್ತಾದರೆ ತಲೆ ಎತ್ತಿ ತಿರುಗುವ ಹಾಗಿರಲಿಲ್ಲ.

ಎರಡನೆಯ ತುತ್ತು ನುಂಗಿದೆ. ಅದು ಬಂದು ತನ್ನ ಮಾಮೂಲಿ ಜಾಗದಲ್ಲಿ ನಿಂತಿತು. ಕೆಮ್ಮು ಬಂತು, ಕಣ್ಣಲ್ಲಿ ನೀರು. ಮಾಯಾ ದೀದಿ ಬೆನ್ನಿನ ಮೇಲೆ ಕೈಯಿಟ್ಟು ಏನೋ ಕೇಳಿದರು. ಅವರ ಭಾಷೆ ನನಗೆ ಬರುವುದಿಲ್ಲ, ನನ್ನದು ಅವರಿಗೆ ಬರುವುದಿಲ್ಲ. ಹಾಗಾಗಿ ನಾನು ಕನ್ನಡದಲ್ಲೇ ಹೇಳಿದೆ.

"ಕಿಂಡಿ ಮುಚ್ಚಿದ್ದು ನಾನು ಕಣಕ್ಕ. ಜಯಮ್ಮ ಅಲ್ಲ. ಅಗ್ಗ ಬಿಚ್ಚಿದ್ದೂ ನಾನೇ."

ಮಾಯಾ ದೀದಿ ಹೌದು ಹೌದು ಅನ್ನುವ ಹಾಗೆ "ಹೋ, ಹೋ" ಅಂತ ತಲೆಯಾಡಿಸಿದರು. ತುತ್ತು ಇಳಿಯಿತು. ಎಷ್ಟು ಸಲೀಸಾಗಿ ಇಳಿಯಿತು ಅಂದರೆ ನಾನು ಕತ್ತು ಮುಟ್ಟಿ ಮುಟ್ಟಿ ನೋಡಿಕೊಂಡೆ. ಖುಷಿಯಲ್ಲಿ ಇನ್ನೊಂದು ತುತ್ತು ಹಾಕಿಕೊಂಡೆ. ಅದು ಇಳಿಯಲಿಲ್ಲ.

ಸಂಜೆ ಗುರುಮಾಗೆ ನಡೆದದ್ದನ್ನೆಲ್ಲ ಹೇಳಿದೆ, ಬ್ಯಾರನ್ನಿನಿಂದ ಹಿಡಿದು. ಅವರು ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ, "ಭಾಷೆ ಬರದವರ ಹತ್ತಿರ ಹೇಳಿದೆ, ಒಂದು ತುತ್ತು ಇಳಿಯಿತು. ಭಾಷೆ ಬರುವವರ ಹತ್ತಿರ ಹೇಳು" ಅಂದರು.

"ನಿಮಗೆ ಹೇಳಿದೆನಲ್ಲ?"

"ನನಗೆ ಹೇಳಿದರೆ ನನ್ನ ಗಂಟಲಿಗೆ ಏನು ಲಾಭ? ನನಗೆ ರಾತ್ರಿ ಊಟವೇ ಇಲ್ಲ" ಅಂದು ನಕ್ಕರು. ಆಮೇಲೆ ನಗು ನಿಲ್ಲಿಸಿ, "ಇಲ್ಲಿ ಏಳು ದಿನ ಕೂರುವುದು ನೋಡುವುದನ್ನು ಕಲಿಯಲು. ನೋಡಿದ ಮೇಲೆ ಎದ್ದು ಹೋಗಬೇಕು" ಅಂದರು. ನನಗೆ ಹೆದರಿಕೆಯಾಯಿತು. ಮಾರನೆಯ ಬೆಳಿಗ್ಗೆ ಗುಡ್ಡದ ಮೇಲಿಂದ ಹಿಮದ ಬೆಟ್ಟದ ಕಡೆ ಎಲ್ಲರೂ ಕ್ಯಾಮೆರಾ ಹಿಡಿದಿದ್ದಾಗ ನಾನು ಹನಗೋಡಿನ ಟೈಮು ನೋಡುತ್ತಿದ್ದೆ.

ಮತ್ತೆ ಹನಗೋಡು

ಹುಣಸೂರು ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಮಧ್ಯಾಹ್ನ. ಸರೋಜ ಮೇಡಂ ಕೆ.ಆರ್. ನಗರದ ಬಸ್ಸಿಗೆ ಹತ್ತುವ ಮೊದಲು, "ಏನಾದ್ರೂ ಸಿಕ್ತಾ ನಾಗಮಣಿ?" ಅಂತ ಕೇಳಿದರು. ಊರಿಗೆ ಹೋಗಿ ನೋಡಬೇಕು ಮೇಡಂ ಅಂದೆ. ಅವರಿಗೆ ಅರ್ಥವಾಗಲಿಲ್ಲ, ಆದರೂ ಕೈ ಒತ್ತಿದರು.

ಮನೆಗೆ ಬಂದು ಬ್ಯಾಗು ಇಟ್ಟೆ, ಕಾಲು ತೊಳೆದೆ. ಒಲೆ ಹಚ್ಚಲು ಕೈ ಹೋಯಿತು, ಪೊರಕೆಗೆ ಹೋಯಿತು, ದನದ ಹಗ್ಗಕ್ಕೆ ಹೋಯಿತು. ಕೈ ಏನು ಮಾಡುತ್ತಿದೆ ಅಂತ ಈಗ ನನಗೆ ಕಾಣುತ್ತಿತ್ತಲ್ಲ, ಅದೇ ಕಷ್ಟ. ಎಲ್ಲ ಬಿಟ್ಟು ಪಕ್ಕದ ಬಾಗಿಲಿಗೆ ಹೋದೆ. ಜಯಮ್ಮ ಅವರೆಕಾಯಿ ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಜಯ, ಅವತ್ತು ಕಿಂಡಿ ಮುಚ್ಚಿದ್ದು ನಾನು" ಅಂದೆ.

ಅವಳ ಕೈ ನಿಲ್ಲಲಿಲ್ಲ. "ಗೊತ್ತು" ಅಂದಳು.

"ಅಗ್ಗ..."

"ನೀ ಬಿಚ್ಚಿದ್ನೂ ನೋಡ್ದೆ. ಅದ್ಕೇ ಮಾತು ಬುಟ್ಟಿದ್ದು. ಸೊಪ್ಪು ಕೆಟ್ಟಿದ್ಕಲ್ಲ ಕಣಕ್ಕ." ಅವರೆಕಾಯಿಯ ಸಿಪ್ಪೆ ಪಕ್ಕಕ್ಕೆ ಎಸೆದಳು. "ಎಲ್ರೂ ನನ್ನ ಮೂಗ್ನ ಆಡ್ಕೊಂಡ್ರು. ಈಗ ಬಂದು ನನ್ ಕಿವೀಲಿ ಯೇಳುದ್ರೆ ಏನ್ ಬಂತು? ನಂಗೇನು ಗೊತ್ತಿರ್ಲಿಲ್ವಾ? ಡೈರೀಲಿ ಯೇಳಿದ್ದಲ್ವಾ, ಡೈರೀಲೇ ಯೇಳು, ಓಗು."

ಎರಡು ವರ್ಷ ಎಲ್ಲವೂ ಅವಳಿಗೆ ಗೊತ್ತಿತ್ತು. ಗೋಡೆಯ ಆಚೆ ಕೂತು ನಾನು ಹೇಳುತ್ತೇನಾ ಅಂತ ನೋಡುತ್ತಿದ್ದಳು. ನನಗೆ ಅಲ್ಲಿ ನಿಲ್ಲಲು ಆಗಲಿಲ್ಲ, ವಾಪಸ್ಸು ಬಂದೆ.

ಮಾರನೆಯ ಬೆಳಿಗ್ಗೆ ಡೈರಿಯ ಸಾಲಿನಲ್ಲಿ ಇಪ್ಪತ್ತು ಜನ. ಜಯಮ್ಮ ನನಗಿಂತ ಆರು ಜನ ಮುಂದೆ. ಉಸಿರು ನೋಡಿದೆ, ಅದು ಎಲ್ಲೆಲ್ಲೋ ಓಡುತ್ತಿತ್ತು. ಕ್ಯಾನಿನ ಹಿಡಿ ತಣ್ಣಗಿತ್ತು, ಅದನ್ನೇ ನೋಡಿದೆ. ಮಾತು ಗಂಟಲಲ್ಲಿ ಹುಟ್ಟುವುದು ಕಂಡಿತು. ಈ ಸಲ ಬಾಯಿಗೆ ಬರಲಿ ಅಂತ ಬಿಟ್ಟೆ.

"ಎಲ್ರೂ ಒಂದ್ ಮಾತು ಕೇಳ್ಸ್ಕಳ್ಳಿ. ಆ ವರ್ಸ ನಮ್ ಬ್ಯಾರನ್ ಕೆಟ್ಟಿದ್ದು ಜಯಮ್ಮುನ್ನಿಂದ ಅಲ್ಲ. ನಾನು ಕಿಂಡಿ ಮುಚ್ಚಿ ಯೇಳ್ದೆ ಬಂದಿದ್ದೆ. ಅವ್ಳು ಮಲಗಿರ್ಲಿಲ್ಲ. ನಾನು ಸುಳ್ಳೇಳ್ದೆ."

ಹಾಲು ಅಳೆಯುವವನ ಕೈ ಹಾಗೇ ನಿಂತಿತು. ಹಿಂದಿನಿಂದ ಒಬ್ಬಳು, "ಇದ ಯೇಳಕ್ಕೆ ನೇಪಾಳುಕ್ಕೆ ಓಗ್ಬೇಕಿತ್ತಾ?" ಅಂದಳು. ಇನ್ನೊಬ್ಬಳಿಗೆ ಸಿಟ್ಟು ಬಂದಿತ್ತು. "ಎರಡು ವರ್ಸ ನಮ್ ಬ್ಯಾರನ್‌ಗೆ ಜಯಮ್ಮುನ್ನ ಕರೀಬೋದಿತ್ತಲ್ಲ ನಾಗಮಣಿ! ಓದ್ ವರ್ಸ ನಮ್ದೂ ಕೆಡ್ತು" ಅಂದಳು. ಜಯಮ್ಮ ಹಾಲು ಸುರಿದು, ಕ್ಯಾನು ಎತ್ತಿಕೊಂಡು, ನನ್ನ ಪಕ್ಕದಲ್ಲೇ ಹಾದು ಹೋದಳು. ತಿರುಗಿ ನೋಡಲಿಲ್ಲ.

ಅವತ್ತು ರಾಗಿ ಕೊಯ್ಲು. ಎರಡೂ ಮನೆಯ ಆಳುಗಳು ಜಯಮ್ಮನ ಮನೆಯಲ್ಲಿ ಉಣ್ಣುವ ಸರದಿ. ಹನ್ನೆರಡರ ಹೊತ್ತಿಗೆ ಗೋಡೆಯ ಆಚೆಯಿಂದ ಧ್ವನಿ ಬಂತು.

"ಅಕ್ಕಾ, ಅದಿನೈದ್ ಆಳವ್ರೆ. ಅಂಡೆ ತಿರುಗ್ತದೆ. ಕವೆ ಯಾರ್ ಇಡೀತಾರೆ?"

ಹೋಗಿ ಹಿಡಿದೆ. ಅವಳು ತಿರುವಿದಳು. ಅವಳ ಮೊಣಕೈಯ ಬೆವರು ನನ್ನ ಕೈಯ ಮೇಲೆ ಬಿತ್ತು. ಆಳುಗಳೆಲ್ಲ ಉಂಡು ಎದ್ದ ಮೇಲೆ ನನ್ನ ಮುಂದೆ ತಟ್ಟೆ ಇಟ್ಟು, ಬೇಕಾ ಅಂತ ಕೇಳದೆ ಎರಡು ಹಿಟ್ಟು ಇಟ್ಟಳು. ಉಣ್ಣುತ್ತಾ ಕೂತರೆ ತಲೆಯಲ್ಲಿ ಹೊಗೆಸೊಪ್ಪಿನ ಬಗ್ಗೆ ಏನೇನೋ ಯೋಚನೆ, ಗುರುಮಾ ಹೇಳಿದ ಆ ಇನ್ನೊಂದು ದಿನದ ಮಾತಿನ ಯೋಚನೆ, ಡೈರಿಯಲ್ಲಿ ಸಿಟ್ಟಾದವಳ ಯೋಚನೆ. ಗುರುಮಾ ನೋಡಿದ್ದರೆ ಬೈಯುತ್ತಿದ್ದರು, ಗಮನ ಅನ್ನುವುದು ತಟ್ಟೆಯ ಮೇಲೆ ಒಂದಿಷ್ಟೂ ಇರಲಿಲ್ಲ. ಎರಡನೆಯ ಹಿಟ್ಟು ಅರ್ಧ ಮುಗಿದಾಗ ನನಗೆ ಗೊತ್ತಾಯಿತು, ಒಂದು ತುತ್ತೂ ಗಂಟಲಲ್ಲಿ ನಿಂತಿರಲಿಲ್ಲ. ಕೈ ತಟ್ಟೆಯಲ್ಲೇ ನಿಂತಿತು.

ಜಯಮ್ಮ ನೆಲ ನೋಡಿಕೊಂಡೇ, "ಸಾರು ಬುಡ್ಲಾ?" ಅಂದಳು.

"ಬುಡು" ಅಂದೆ.